ತವರಿಗೆ ಹೊರಟ ಬರ್ತಾ, ಆಗುಂಬೆ ಇಳಿದ ನಾವು: ಬ್ರೇಕಿನ ಕಥೆ

ಬಸ್ಸಲ್ಲೋ ಬೈಕಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ರೆ ಒಂದು ಮಾತು. ಬೈಕ್ ಓಡಿಸ್ತಿರೋರು ದಯವಿಟ್ಟು ಪಕ್ಕಕ್ಕೆ ನಿಲ್ಲಿಸಿ ಕೇಳಿ. ಇವತ್ತಿನ ವಿಷಯವೇ ನಿಲ್ಲಿಸೋದು.

ನಮ್ಮೂರು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ. ಕೃಷಿ ಸಂಶೋಧನಾ ಕೇಂದ್ರ ಇರೋ ಊರು ಅಂದ್ರೆ ದಾವಣಗೆರೆ ಕಡೆಯವರಿಗೆ ಗೊತ್ತಾಗುತ್ತೆ. ಭದ್ರಾ ನಾಲೆ, ಭತ್ತ, ಅಡಿಕೆ. ರಸ್ತೆ ಬಹುಪಾಲು ಸಮತಟ್ಟು. ಹಾಗಾಗಿ ನಮ್ಮ ಮನೆ ಎಸ್‌ಯುವಿಯ ಬ್ರೇಕಿಗೆ ವರ್ಷಗಟ್ಟಲೆ ನಿಜವಾದ ಪರೀಕ್ಷೆ ಅಂತ ಆಗಿರಲೇ ಇಲ್ಲ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇಲ್ಲದ ಹಳೇ ಗಾಡಿ. ಎಣ್ಣೆ ಬದಲಾಯಿಸೋದು, ಟೈರಿಗೆ ಗಾಳಿ ಹಿಡಿಸೋದು, ಯುಗಾದಿಗೆ ತೊಳೆದು ಪೂಜೆ ಮಾಡೋದು, ಇಷ್ಟೇ ನಮ್ಮ ಸರ್ವಿಸ್.

ಆ ಸಲ ಎಂಟು ಜನ ಉಡುಪಿಗೆ ಹೊರಟ್ವಿ. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ. ಮೇಲೆ ಲಗೇಜು, ಒಳಗೆ ಅಜ್ಜ, ಅಜ್ಜಿ, ಅತ್ತೆ ಮಕ್ಕಳು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಅಪ್ಪ ಮೂರನೇ ಗೇರಲ್ಲಿ ಇಳಿಸ್ತಾ, ತಿರುವು ತಿರುವಿಗೂ ಬ್ರೇಕ್ ಒತ್ತುತ್ತಾ ಇದ್ರು. ಅರ್ಧ ದಾರಿಗೆ ಸುಟ್ಟ ವಾಸನೆ. ಅಜ್ಜಿ, "ಯಾರೋ ಟೈರ್ ಸುಡ್ತಿದಾರೆ ಕಣೋ" ಅಂದ್ರು. ಮುಂದಿನ ತಿರುವಲ್ಲಿ ಅಪ್ಪನ ಕಾಲು ಪೆಡಲ್ ಜೊತೆ ನೆಲದ ತನಕ ಹೋಯ್ತು. ಗಾಡಿ ನಿಲ್ಲಲಿಲ್ಲ.

ಅಪ್ಪ ಕೂಗಲಿಲ್ಲ. ಪೆಡಲನ್ನ ಪಂಪ್ ಮಾಡ್ತಾ ಎರಡನೇ ಗೇರಿಗೆ ಹಾಕಿದ್ರು, ಇಂಜಿನ್ ಕಿರುಚ್ತು, ಮೊದಲನೇ ಗೇರ್ ಬಿತ್ತು, ಹ್ಯಾಂಡ್‌ಬ್ರೇಕ್ ಎಳೆದ್ರು. ರಸ್ತೆ ಸ್ವಲ್ಪ ಅಗಲ ಆದ ಕಡೆ ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿದು ಗಾಡಿ ನಿಂತಿತು. ಇನ್ನೊಂದು ಬದಿಯಲ್ಲಿ ಏನಿತ್ತು ಅಂತ ನಾನು ಇವತ್ತಿಗೂ ಅಮ್ಮನ ಹತ್ರ ಮಾತಾಡಿಲ್ಲ.

ಯಾರೋ ಚಕ್ರಕ್ಕೆ ನೀರು ಸುರೀರಿ ಅಂದ್ರು. ಹಿಂದೆ ಬಂದ ಮಿನಿ ಬಸ್ಸಿನ ಡ್ರೈವರಣ್ಣ ತಡೆದ್ರು: "ಬ್ಯಾಡ ಯಜಮಾನ್ರೇ, ಡಿಸ್ಕ್ ಸೊಟ್ಟ ಆಗುತ್ತೆ. ಸುಮ್ನೆ ಕೂತ್ಕೊಳ್ಳಿ." ಮುಕ್ಕಾಲು ಗಂಟೆ ಕೂತ್ವಿ. ಆಮೇಲೆ ನೋಡಿದ್ರೆ ಪೆಡಲ್ ತಾನಾಗೇ ಗಟ್ಟಿಯಾಗಿತ್ತು! ಹೋದ ಬ್ರೇಕ್ ವಾಪಸ್ ಬಂದಿತ್ತು. ಇದು ಹೇಗೆ ಅನ್ನೋ ಪ್ರಶ್ನೆಯೇ ನನ್ನನ್ನ ಈ ಚರಿತ್ರೆಯ ಹಿಂದೆ ಓಡಿಸಿದ್ದು.

ಮೊದಲು ಕಾರಿನಷ್ಟೇ ಹಳೆಯ ಕಥೆ. 1888ರ ಆಗಸ್ಟ್, ಜರ್ಮನಿ. ಬರ್ತಾ ಬೆಂಜ್ ಅನ್ನೋ ಹೆಣ್ಣುಮಗಳು ಗಂಡ ಕಾರ್ಲ್ ಬೆಂಜ್‌ಗೆ ಮೊದಲೇ ಹೇಳದೆ, ಅವರು ಮಾಡಿದ ಮೂರು ಚಕ್ರದ ಮೋಟಾರು ಗಾಡಿ ತಗೊಂಡು, ಇಬ್ಬರು ಗಂಡುಮಕ್ಕಳನ್ನ ಕೂರಿಸ್ಕೊಂಡು ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟ್ರು. ನೂರು ಕಿಲೋಮೀಟರಿನ ಆಸುಪಾಸು. ಮೋಟಾರು ಗಾಡಿಯಲ್ಲಿ ಅಷ್ಟು ದೂರದ ಮೊದಲ ಪ್ರಯಾಣವೇ ತಾಯಿ-ಮಕ್ಕಳ ಟ್ರಿಪ್, ಅದೂ ತವರಿಗೆ. ಇದನ್ನ ಕೇಳಿ ಅಮ್ಮನಿಗೆ ಭಾರಿ ಖುಷಿ ಆಯ್ತು.

ಆ ಗಾಡಿಯ ಬ್ರೇಕ್ ಅಂದ್ರೆ ಚಕ್ರಕ್ಕೆ ಒತ್ತೋ ಮರದ ತುಂಡು. ಇಳಿಜಾರುಗಳಲ್ಲಿ ಅದು ಸವೆದು ಹೋಯ್ತು. ಬರ್ತಾ ದಾರಿಯಲ್ಲಿ ಒಬ್ಬ ಚಪ್ಪಲಿ ಹೊಲಿಯುವವನ ಹತ್ರ ನಿಲ್ಲಿಸಿ, ಆ ಮರಕ್ಕೆ ಚರ್ಮ ಹೊಡೆಸಿದ್ರು. ಇವತ್ತು ನಾವು ಬ್ರೇಕ್ ಲೈನಿಂಗ್ ಅಂತೀವಲ್ಲ, ಅದರ ಶುರು ಇದೇ ಅಂತಾರೆ. ಏರು ಹತ್ತಲಾರದ ಕಡೆ ಮಕ್ಕಳು ತಳ್ಳಬೇಕಾಯ್ತು. ಹಾಗಾಗಿ ಗಾಡಿಗೆ ಇನ್ನೊಂದು ಚಿಕ್ಕ ಗೇರ್ ಬೇಕು ಅನ್ನೋ ಮಾತೂ ಈ ಪ್ರಯಾಣದಿಂದಲೇ ಬಂತು. ಹತ್ತೋಕೆ ಅಂತ ಬಂದ ಚಿಕ್ಕ ಗೇರೇ ಆವತ್ತು ನಮ್ಮನ್ನ ಇಳಿಯೋವಾಗ ಹಿಡಿದು ನಿಲ್ಲಿಸಿದ್ದು.

ಇದನ್ನ ಹೇಳಿದಾಗ ಅಜ್ಜನಿಗೆ ಆಶ್ಚರ್ಯವೇ ಆಗಲಿಲ್ಲ. ಎತ್ತಿನ ಗಾಡಿ ಇಳಿಜಾರಲ್ಲಿ ಎತ್ತಿನ ಮೇಲೇ ಬರುತ್ತಲ್ಲ, ಅದಕ್ಕೆ ಚಕ್ರಕ್ಕೆ ಅಡ್ಡ ಮರ ಕಟ್ಟಿ, ಹಗ್ಗ ಬಿಗಿದು ಇಳಿಸ್ತಿದ್ರು ಅಂದ್ರು. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲೂ ಗಾಡಿಯವರು ಮರದ ಬ್ರೇಕಿಗೆ ಹಳೇ ಬೂಟಿನ ತುಂಡು ಬಡೀತಿದ್ರಂತೆ. ಅದನ್ನ ನೋಡಿದ ಹರ್ಬರ್ಟ್ ಫ್ರೂಡ್ ಅನ್ನೋರು 1897ರ ಹೊತ್ತಿಗೆ ಲೈನಿಂಗ್ ತಯಾರಿಸೋ ಕೆಲಸ ಶುರು ಮಾಡಿದ್ರು. ಸ್ಪೇರ್‌ಪಾರ್ಟ್ಸ್ ಅಂಗಡಿಯ ಡಬ್ಬಿ ಮೇಲೆ ಕಾಣೋ 'ಫೆರೋಡೊ' ಅನ್ನೋ ಹೆಸರು ಅವರ ಹೆಸರಿನ ಅಕ್ಷರಗಳನ್ನೇ ತಿರುಗಿಸಿ, ಹೆಂಡತಿ ಎಲಿಜಬೆತ್ ಹೆಸರಿನ ಮೊದಲ ಅಕ್ಷರ ಸೇರಿಸಿ ಮಾಡಿದ್ದು ಅಂತ ಹೇಳೋದುಂಟು. ಆಮೇಲೆ ಲೈನಿಂಗಿಗೆ ಕಲ್ನಾರು ಬಂತು. ಶಾಖ ತಡೀತು, ಆದ್ರೆ ಆ ಧೂಳು ಶ್ವಾಸಕೋಶಕ್ಕೆ ವಿಷ. ಬ್ರಿಟನ್ ಅದನ್ನ ನಿಷೇಧಿಸೋ ಹೊತ್ತಿಗೆ 1999 ಆಗಿತ್ತು. ಡ್ರಮ್ ಬಿಚ್ಚಿ ಬಾಯಲ್ಲಿ ಗಾಳಿ ಊದಿ ಧೂಳು ತೆಗೆಯೋ ಮೆಕ್ಯಾನಿಕ್‌ಗಳನ್ನ ನಾನೇ ನೋಡಿದೀನಿ. ದಯವಿಟ್ಟು ಬೇಡ.

ಡಿಸ್ಕ್ ಬ್ರೇಕ್ ಹೊಸದು ಅಂದ್ಕೊಂಡಿದ್ದೆ. ಅಲ್ಲ. ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕ್ ಮಾಡಿದ್ದೂ, ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತಗೊಂಡಿದ್ದೂ ಒಂದೇ ವರ್ಷ, 1902. ಲ್ಯಾಂಚೆಸ್ಟರ್ ಬ್ರೇಕಲ್ಲಿ ತಾಮ್ರ ಉಜ್ಜಿ ಕಿವಿ ಹರಿಯೋ ಸದ್ದು, ಮೇಲೆ ಆ ಕಾಲದ ಮಣ್ಣು ರಸ್ತೆಯ ಧೂಳು. ಮುಚ್ಚಿದ ಡ್ರಮ್ ಗೆದ್ದಿತು. 1921ರಲ್ಲಿ ಅಮೆರಿಕದ ಡ್ಯೂಸನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಬಂತು. ಸರಿಗೆ, ಸಲಾಕೆ ಬದಲು ದ್ರವದ ಒತ್ತಡ. ನಮ್ಮ ದೇಶದಲ್ಲಿ ಸ್ವಾತಂತ್ರ್ಯದ ಹೊತ್ತಿಗೆ ಜೋಡಿಸೋಕೆ ಶುರುವಾದ ವಿಲ್ಲೀಸ್ ಜೀಪು, ಅಂದ್ರೆ ಇವತ್ತಿನ ಎಸ್‌ಯುವಿಗಳ ಮುತ್ತಜ್ಜ, ಅದಕ್ಕೂ ನಾಲ್ಕೂ ಕಡೆ ಡ್ರಮ್ಮೇ.

ಡ್ರಮ್ಮಿನ ತೊಂದರೆ ಒಂದೇ, ಬಿಸಿ ಒಳಗೇ ಉಳಿಯುತ್ತೆ. 1953ರ ಲಮಾನ್ಸ್ ರೇಸಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದಾಗ ಎಲ್ಲರ ಕಣ್ಣು ತೆರೀತು. ಉಳಿದವರು ತಿರುವಿಗೆ ಬಹಳ ಮೊದಲೇ ಬ್ರೇಕ್ ಹಿಡೀತಿದ್ರೆ ಇವರು ತಿರುವಿನ ಹತ್ತಿರಕ್ಕೇ ಹೋಗಿ ಹಿಡೀತಿದ್ರು. ಎರಡೇ ವರ್ಷಕ್ಕೆ, 1955ರಲ್ಲಿ, ಸಿಟ್ರೊಯೆನ್ ಡಿಎಸ್ ಮುಂದಿನ ಡಿಸ್ಕ್ ಬ್ರೇಕನ್ನ ಸಾಮಾನ್ಯ ಕುಟುಂಬದ ಕಾರಿಗೆ ತಂತು.

ಹಾಗಾದ್ರೆ ಡಿಸ್ಕ್ ಇದ್ದ ನಮ್ಮ ಗಾಡಿಗೆ ಏನಾಗಿತ್ತು? ಲೆಕ್ಕ ಹಾಕಿ. ಜನ, ಲಗೇಜು ಸೇರಿ 2,200 ಕಿಲೋ. 500 ಮೀಟರ್ ಎತ್ತರವನ್ನ ಬರೀ ಬ್ರೇಕಿನ ಮೇಲೆ ಇಳಿಸಿದ್ರೆ ಹುಟ್ಟೋ ಶಾಖದಲ್ಲಿ 30 ಲೀಟರಿಗೂ ಹೆಚ್ಚು ತಣ್ಣೀರು ಕುದಿಯುತ್ತೆ. ಎರಡು ಕೊಡ ನೀರು! ಅಷ್ಟೂ ಶಾಖ ಹೋಗಬೇಕಾಗಿರೋದು ಊಟದ ತಟ್ಟೆ ಗಾತ್ರದ ಕಬ್ಬಿಣದ ಬಿಲ್ಲೆಗಳಿಗೆ.

ವಾಪಸ್ ಬಂದ ಮೇಲೆ ಚನ್ನಗಿರಿಯ ಗ್ಯಾರೇಜಿಗೆ ಹೋದ್ವಿ. ನಾನು ಫೋನಲ್ಲಿ ವಿಡಿಯೋ ನೋಡಿ ರೆಡಿಯಾಗಿದ್ದೆ: ದೊಡ್ಡ ಡಿಸ್ಕು, ತೂತು ಕೊರೆದದ್ದು, ಕೆಂಪು ಕ್ಯಾಲಿಪರು. ಮೇಸ್ತ್ರಿ ಏನೂ ಹೇಳದೆ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ್ರು. ಕಾಫಿ ಡಿಕಾಕ್ಷನ್. "ಇದನ್ನ ಯಾವಾಗ ಬದಲಾಯಿಸಿದ್ರಿ ಯಜಮಾನ್ರೇ?" ಅಪ್ಪ ನನ್ನ ಮುಖ ನೋಡಿದ್ರು, ನಾನು ಅಪ್ಪನ ಮುಖ.

ವಿಷಯ ಇದು. ಬ್ರೇಕ್ ಆಯಿಲ್ ಅಂತೀವಿ, ಆದ್ರೆ ಅದು ಎಣ್ಣೆ ಅಲ್ಲ, ಗಾಳಿಯ ತೇವ ಹೀರೋ ದ್ರವ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು, ತೇವ ಹೀರಿದ ಮೇಲಿನ ಮಿತಿ 140. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಕುದ್ದರೆ ಪೈಪಲ್ಲಿ ಆವಿ ತುಂಬುತ್ತೆ. ಆವಿ ಒತ್ತಿದರೆ ಕುಗ್ಗುತ್ತೆ, ಪೆಡಲ್ ನೆಲಕ್ಕೆ ಹೋಗುತ್ತೆ. ತಣ್ಣಗಾದ್ರೆ ಆವಿ ಮತ್ತೆ ದ್ರವ. ನಮ್ಮ ಬ್ರೇಕ್ ವಾಪಸ್ ಬಂದ ಪವಾಡ ಇಷ್ಟೇ.

ಹಿಂದಿನ ಡ್ರಮ್ ಬಿಚ್ಚಿದ್ರೆ ಅಡ್ಜಸ್ಟರ್ ತುಕ್ಕು ಹಿಡಿದು ಕೂತಿತ್ತು. ಹಿಂದಿನ ಚಕ್ರದ ಪಾಲನ್ನೂ ಮುಂದಿನ ಡಿಸ್ಕುಗಳೇ ಹೊತ್ತಿದ್ವು. ಹಾಗಾಗಿ ನಮ್ಮ 'ಅಪ್‌ಗ್ರೇಡ್' ನೋಡೋಕೆ ಬೇಜಾರಿನದ್ದು. ಹೊಸ ಡಿಸ್ಕು, ಒಳ್ಳೆ ಪ್ಯಾಡು, ಹಿಂದಕ್ಕೆ ಹೊಸ ಶೂ, ಸೀಳು ಬಿಟ್ಟಿದ್ದ ರಬ್ಬರ್ ಪೈಪುಗಳ ಬದಲು ಹೊಸವು, ಗಾಡಿಯ ಪುಸ್ತಕ ಒಪ್ಪಿದ್ದರಿಂದ ಡಾಟ್ 4. ದೊಡ್ಡ ಡಿಸ್ಕಿಗೆ ಮೇಸ್ತ್ರಿ ಒಪ್ಪಲಿಲ್ಲ. ಮುಂದೆ ಮಾತ್ರ ಹಿಡಿತ ಜಾಸ್ತಿ ಮಾಡಿದ್ರೆ ಮುಂದೆ-ಹಿಂದಿನ ಹೊಂದಾಣಿಕೆ ಕೆಡುತ್ತೆ ಅಂದ್ರು. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ ಆಯ್ತು. ಆದ್ರೆ ಕುದಿಯೋ ಬ್ರೇಕ್ ಆಯಿಲಿಗೆ ಎಬಿಎಸ್ ಮದ್ದಲ್ಲ. ಅದು ಚಕ್ರ ಲಾಕ್ ಆಗದ ಹಾಗೆ ನೋಡುತ್ತೆ ಅಷ್ಟೇ.

ಕೂಲಿ ಎಷ್ಟು ಅಂತ ಅಪ್ಪ ಕೇಳಿದಾಗ ಮೇಸ್ತ್ರಿ ನನ್ನ ಕಡೆ ತಿರುಗಿ, "ನಿನ್ನ ಕೆಂಪು ಕ್ಯಾಲಿಪರ್ ದುಡ್ಡಲ್ಲಿ ಅರ್ಧಾನೂ ಆಗಲಿಲ್ಲ ಬಿಡಪ್ಪ" ಅಂದ್ರು.

ಮಳೆಗಾಲ ಮುಗಿದ ಮೇಲೆ ಮತ್ತೆ ಉಡುಪಿಗೆ ಹೋದ್ವಿ. ಆಗುಂಬೆ ತುದಿಯಲ್ಲೇ ಅಪ್ಪ ಎರಡನೇ ಗೇರಿಗೆ ಹಾಕಿದ್ರು. ಹಿಂದಿನ ಕಾರಿನವನು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ. ನಾವು ಚರಂಡಿಗೆ ಇಳಿದಿದ್ದ ತಿರುವು ಬಂದಾಗ ಯಾರೂ ಮಾತಾಡಲಿಲ್ಲ. ಸೋಮೇಶ್ವರದಲ್ಲಿ ಟೀಗೆ ನಿಲ್ಲಿಸಿದಾಗ ಅಜ್ಜಿ ಇಳಿದು, ಮುಂದಿನ ಚಕ್ರದ ಹತ್ರ ಬಗ್ಗಿ, ಮೂಸಿ ನೋಡಿದ್ರು. "ಏನೂ ಇಲ್ಲ ಕಣೋ" ಅಂದು ಟೀ ತಗೊಂಡ್ರು.