ಕಚ್ಚುವ ನಾಯಿಯೂ ಅದರ ಒಡೆಯನೂ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಒಂದು ಶಿಲಾಶಾಸನವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಕ್ರಿ.ಶ. 949-50ರ ಸುಮಾರಿನ ಈ ಶಾಸನವು ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳರನ್ನು ಗೆದ್ದ ಸಂಗತಿಯನ್ನು ತಿಳಿಸುವುದರಿಂದ ಚರಿತ್ರಕಾರರಿಗೆ ಬೇಕಾದದ್ದು. ಆದರೆ ಜನರ ಮನಸ್ಸಿನಲ್ಲಿ ಅದು ಉಳಿದಿರುವುದು ಕಾಳಿ ಎಂಬ ಬೇಟೆನಾಯಿಯ ದೆಸೆಯಿಂದ. ಗಂಗರ ಬೂತುಗನ ಸೇವಕನಾದ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ, ಬೇಡಿದುದನ್ನು ಕೊಡುವೆನೆಂದು ಒಡೆಯನು ಹೇಳಲು, ಅವನು ಆ ನಾಯಿಯನ್ನೇ ಬೇಡಿ ಪಡೆದನು. ಕಾಳಿಯು ಕಾಡುಹಂದಿಯೊಂದಿಗೆ ಹೋರಾಡಿ ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನು ಬಿಟ್ಟರು. ಆ ಸ್ಥಳವನ್ನಾಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡನಾದರೆ ನಾಯಿಯು ಮಾಡಿದ ಪಾಪವು ಅವನಿಗೆ ತಟ್ಟುವುದೆಂದು ಶಾಸನದ ಕಡೆಯಲ್ಲಿ ಒಂದು ಮಾತು ಬಂದಿದೆ.

ನಾಯಿಯ ಪಾಪವು ತನ್ನ ಕರ್ತವ್ಯವನ್ನು ಮರೆತ ಮನುಷ್ಯನಿಗೆ ತಟ್ಟುವುದೆಂಬ ಈ ಭಾವನೆಯು ಶಾಪರೂಪವಾದದ್ದು. ಆದರೆ ಇದನ್ನೇ ಬೇರೊಂದು ರೂಪದಲ್ಲಿ ಲೋಕದ ನ್ಯಾಯಶಾಸ್ತ್ರವೆಲ್ಲವೂ ವಿಚಾರ ಮಾಡಿದೆ. ಎಲ್ಲ ನಾಯಿಯೂ ಕಾಳಿಯಲ್ಲ. ದಾರಿಹೋಕನ ಮೇಲೆ, ಮಗುವಿನ ಮೇಲೆ ಹಾಯುವ ನಾಯಿಯೂ ಉಂಟು. ಅದು ಮಾಡಿದ ಕೇಡು ಯಾವಾಗ ಒಡೆಯನದಾಗುತ್ತದೆ? ನಾಯಿಯು ಅಪಾಯಕರವೆಂದು ನಿರ್ಣಯಿಸುವವರು ಯಾರು? ಈ ಪ್ರಶ್ನೆಗಳಿಗೆ ಹಿಂದಿನವರು ಕೊಟ್ಟ ಉತ್ತರಗಳನ್ನು ಇಲ್ಲಿ ನೋಡೋಣ.

ನಮಗೆ ತಿಳಿದಿರುವ ಉತ್ತರಗಳಲ್ಲಿ ಅತಿ ಪ್ರಾಚೀನವಾದದ್ದು ಮೆಸೊಪೊಟೇಮಿಯದ್ದು. 1945ರಲ್ಲಿಯೂ 1947ರಲ್ಲಿಯೂ ಬಾಗ್ದಾದಿನ ಬಳಿಯ ತೆಲ್ ಹರ್ಮಲ್ ಎಂಬ ದಿಬ್ಬದಲ್ಲಿ ಇರಾಕಿನ ಪ್ರಾಕ್ತನ ಇಲಾಖೆಯವರು ಅಗೆಯುತ್ತಿದ್ದಾಗ, ಎಶ್ನುನ್ನ ಎಂಬ ರಾಜ್ಯದ ಕಟ್ಟಳೆಗಳನ್ನು ಕೊರೆದ ಎರಡು ಮಣ್ಣಿನ ಫಲಕಗಳು ಸಿಕ್ಕಿದವು. ಅವು ಸುಮಾರು ಕ್ರಿ.ಪೂ. ಹದಿನೆಂಟನೆಯ ಶತಮಾನದವು, ಪ್ರಸಿದ್ಧವಾದ ಹಮ್ಮುರಾಬಿಯ ಶಾಸನಕ್ಕಿಂತಲೂ ಸ್ವಲ್ಪ ಹಿಂದಿನವು. ಅವುಗಳಲ್ಲಿ ನಾಯಿಯ ವಿಷಯವಾಗಿ ಎರಡು ವಿಧಿಗಳಿವೆ. ಒಬ್ಬನ ನಾಯಿಯು ಕ್ರೂರವಾಗಿದ್ದು, ಅದನ್ನು ಕೇರಿಯವರು ಒಡೆಯನಿಗೆ ತಿಳಿಸಿದ್ದರೂ ಅವನು ಅದನ್ನು ಅಂಕೆಯಲ್ಲಿಡದೆ, ಅದು ಒಬ್ಬ ಮನುಷ್ಯನನ್ನು ಕಚ್ಚಿ ಆತನು ಸತ್ತರೆ, ಒಡೆಯನು 40 ಶೆಕೆಲ್ ತೂಕದ ಬೆಳ್ಳಿಯನ್ನು ಕೊಡತಕ್ಕದ್ದು. ಸತ್ತವನು ದಾಸನಾದರೆ 15 ಶೆಕೆಲ್. ಪ್ರಾಣಕ್ಕೆ ಹೀಗೆ ಎರಡು ಬೆಲೆ ಕಟ್ಟಿದುದು ನಮಗೆ ಅಸಹ್ಯವಾಗಿ ತೋರುತ್ತದೆ. ಅದು ಆ ಕಾಲದ ಸಮಾಜದ ದೋಷ. ಆದರೆ 40 ಶೆಕೆಲ್ ಎಂಬುದು ಅಲ್ಪವಾದ ಮೊತ್ತವಲ್ಲ. ಅದೇ ಕಟ್ಟಳೆಯಲ್ಲಿ ಕೂಲಿಯಾಳಿಗೆ ಊಟದ ಧಾನ್ಯವಲ್ಲದೆ ತಿಂಗಳಿಗೆ ಒಂದು ಶೆಕೆಲ್ ಬೆಳ್ಳಿಯೆಂದು ಗೊತ್ತುಮಾಡಿರುವುದರಿಂದ, ಇದು ನಲವತ್ತು ತಿಂಗಳ ದುಡಿಮೆಗೆ ಸಮನಾಗಿತ್ತು.

ಈ ವಿಧಿಯ ಜೀವಾಳವಿರುವುದು ದಂಡದ ಮೊತ್ತದಲ್ಲಲ್ಲ, ‘ಕೇರಿಯವರು ತಿಳಿಸಿದ್ದರೂ’ ಎಂಬ ಮಾತಿನಲ್ಲಿ. ಮೂಲದಲ್ಲಿ ಇಲ್ಲಿರುವ ಬಾಬ್ತುಂ ಎಂಬ ಶಬ್ದಕ್ಕೆ ನಗರದ ಒಂದು ಭಾಗ, ಅದರ ನಿವಾಸಿಗಳ ಸಂಘ ಎಂದು ಅರ್ಥ. ನಮ್ಮ ‘ಕೇರಿ’ ಎಂಬ ಮಾತು ಅದಕ್ಕೆ ಚೆನ್ನಾಗಿ ಹೊಂದುತ್ತದೆ. ನಾಯಿಯ ಸ್ವಭಾವವನ್ನು ಬಲ್ಲವರು ದೂರದ ಅರಮನೆಯವರಲ್ಲ. ದಿನವೂ ಅದರ ಮುಂದೆ ಹಾದುಹೋಗುವ ನೆರೆಯವರು. ಅವರು ಸೇರಿ ಒಡೆಯನಿಗೆ ಎಚ್ಚರಿಕೆ ಕೊಡಬೇಕು. ಆ ಕ್ಷಣದಿಂದ ‘ನಾನು ಅರಿಯೆ’ ಎನ್ನುವ ಹಕ್ಕು ಅವನಿಗಿಲ್ಲ. ಇದೇ ಕ್ರಮವನ್ನು ಶಾಸನಕರ್ತನು ಇರಿಯುವ ಎತ್ತಿಗೂ ಕುಸಿಯಲಿರುವ ಗೋಡೆಗೂ ಅನ್ವಯಿಸಿದ್ದಾನೆ. ಎತ್ತು, ನಾಯಿ, ಗೋಡೆ ಈ ಮೂರೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಮೂರರಲ್ಲಿಯೂ ಕೇರಿಯವರ ಎಚ್ಚರಿಕೆಯು ಮೊದಲು, ಒಡೆಯನ ಅಲಕ್ಷ್ಯವು ಅನಂತರ, ಸಾವು ಕೊನೆಯದು. ಗೋಡೆಯ ವಿಷಯದಲ್ಲಿ ಮಾತ್ರ ಬೆಳ್ಳಿಯಿಂದ ಮುಗಿಯುವುದಿಲ್ಲ. ಅದು ಪ್ರಾಣದಂಡದ ವ್ಯವಹಾರವೆಂದು ರಾಜನ ಬಳಿಗೇ ಹೋಗುತ್ತದೆ. ಪ್ರಾಣಿಯು ತಾನೇ ಚಲಿಸತಕ್ಕದ್ದು. ಗೋಡೆಯಾದರೋ ಸಂಪೂರ್ಣವಾಗಿ ಮನುಷ್ಯನ ಕೈಯಲ್ಲಿರುವ ವಸ್ತು. ಭೇದಕ್ಕೆ ಇದೇ ಕಾರಣವಿರಬಹುದೆಂದು ನಮಗೆ ತೋರುತ್ತದೆ. ಈ ವಿಧಿಯಲ್ಲಿರುವ ನಾಯಿಯು ಹುಚ್ಚುನಾಯಿಯೆಂದು ಮೊದಲಿನ ಭಾಷಾಂತರಕಾರರು ಬರೆದರು. ಕ್ರೂರಸ್ವಭಾವದ ನಾಯಿಯೆಂದು ಅನಂತರದ ಕೆಲವು ಪಂಡಿತರು ಅರ್ಥಮಾಡಿದ್ದಾರೆ. ಹೇಗಿದ್ದರೂ ತತ್ತ್ವವು ಒಂದೇ.

ಗ್ರೀಕರಲ್ಲಿಯೂ ರೋಮನರಲ್ಲಿಯೂ ಈ ವಿಚಾರವು ಬೇರೆ ದಾರಿಗಳನ್ನು ಹಿಡಿಯಿತು. ಕಚ್ಚಿದ ನಾಯಿಯ ಕೊರಳಿಗೆ ಮೂರು ಮೊಳದ ಮರದ ದಿಮ್ಮಿಯನ್ನು ಕಟ್ಟಿ ಒಪ್ಪಿಸಬೇಕೆಂದು ಅಥೆನ್ಸಿನ ಸೊಲೋನನು ವಿಧಿಸಿದ್ದನೆಂದು ಪ್ಲುಟಾರ್ಕನು ಬರೆದಿದ್ದಾನೆ. ರೋಮಿನಲ್ಲಿ ಬೀದಿಗಳನ್ನೂ ಸಂತೆಗಳನ್ನೂ ನೋಡಿಕೊಳ್ಳುತ್ತಿದ್ದ ಈಡೈಲರೆಂಬ ನಗರಾಧಿಕಾರಿಗಳು, ಜನರು ಸಾಮಾನ್ಯವಾಗಿ ತಿರುಗಾಡುವ ಎಡೆಯಲ್ಲಿ ನಾಯಿ, ಹಂದಿ, ತೋಳ, ಕರಡಿ, ಚಿರತೆ, ಸಿಂಹ ಇವುಗಳನ್ನು ಕೇಡಾಗುವಂತೆ ಇಟ್ಟುಕೊಳ್ಳಕೂಡದೆಂದು ಆಜ್ಞೆಮಾಡಿದ್ದರು. ಸ್ವತಂತ್ರನಾದವನು ಸತ್ತರೆ ಗೊತ್ತಾದ ದಂಡ. ಗಾಯಗೊಂಡರೆ ನ್ಯಾಯಾಧಿಪತಿಗೆ ಉಚಿತವೆಂದು ಕಂಡಷ್ಟು. ಮಿಕ್ಕ ನಷ್ಟಕ್ಕೆ ಇಮ್ಮಡಿ. ಸಿಂಹದ ಸಾಲಿನಲ್ಲಿ ನಾಯಿಯನ್ನೂ ಸೇರಿಸಿದುದನ್ನು ಕಂಡು ನಗುವವರು, ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೆ ನಗರವನ್ನು ನೆನೆಯಬೇಕು. ಅಲ್ಲಿಯ ಒಂದು ಮನೆಯ ಹೊಸ್ತಿಲಲ್ಲಿ, ಸರಪಣಿ ಹಾಕಿದ ಕರಿಯ ನಾಯಿಯ ಚಿತ್ರವನ್ನೂ ‘ನಾಯಿಯಿದೆ, ಎಚ್ಚರಿಕೆ’ ಎಂಬರ್ಥದ ಮಾತನ್ನೂ ಬಣ್ಣದ ಹರಳುಗಳಿಂದ ರಚಿಸಿದ್ದಾರೆ. ನಮ್ಮ ಊರುಗಳ ಬಾಗಿಲುಗಳಲ್ಲಿ ತೂಗುವ ಫಲಕಗಳು ಅದರ ಸಂತತಿಯೇ. ಇಂತಹ ಫಲಕವು ಬರುವವನಿಗೆ ಎಚ್ಚರಿಕೆಯಾಗುವಂತೆಯೇ, ತನ್ನ ನಾಯಿಯ ಗುಣವನ್ನು ತಾನು ಬಲ್ಲೆನೆಂಬ ಯಜಮಾನನ ಒಪ್ಪಿಗೆಯೂ ಆಗಿದೆಯೆಂಬುದನ್ನು ಮರೆಯಬಾರದು.

ನಮ್ಮ ಧರ್ಮಶಾಸ್ತ್ರವು ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಹಿಡಿಯುತ್ತದೆ. ಕೋರೆಹಲ್ಲಿನ ಪ್ರಾಣಿಯಾಗಲಿ ಕೊಂಬಿನ ಪ್ರಾಣಿಯಾಗಲಿ ಒಬ್ಬನನ್ನು ಹಿಂಸಿಸುತ್ತಿರುವಾಗ, ಬಿಡಿಸಲು ಶಕ್ತನಾಗಿದ್ದೂ ಬಿಡಿಸದ ಒಡೆಯನಿಗೆ ಪ್ರಥಮಸಾಹಸ ದಂಡವನ್ನು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ವಿಧಿಸುತ್ತದೆ. ಪೀಡಿತನು ಕೂಗಿಕೊಂಡಿದ್ದರೂ ಬಿಡಿಸದಿದ್ದರೆ ದಂಡವು ಇಮ್ಮಡಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಹೆಚ್ಚುಕಡಿಮೆ ಇದೇ ವಿಧಿಯಿದೆ. ಯಾಜ್ಞವಲ್ಕ್ಯನ ಲೆಕ್ಕದಂತೆ ಕನಿಷ್ಠವಾದ ಸಾಹಸದಂಡವು 270 ಪಣ, ಇಮ್ಮಡಿಯಾದರೆ 540. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಅದು ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಆದುದರಿಂದ ಈ ವಿಧಿಯು ಕನ್ನಡ ನೆಲಕ್ಕೆ ಹೊರಗಿನದೆಂದು ಯಾರೂ ಹೇಳುವಂತಿಲ್ಲ.

ಎಶ್ನುನ್ನದ ವಿಧಿಯನ್ನೂ ಇದನ್ನೂ ಒಟ್ಟಿಗಿಟ್ಟು ನೋಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುವುದು ಕಾಣುತ್ತದೆ. ಅಲ್ಲಿ ಒಡೆಯನ ಅರಿವು ಮುಖ್ಯ; ಇಲ್ಲಿ ಅವನ ಶಕ್ತಿ ಮುಖ್ಯ. ಅಲ್ಲಿ ಕೇರಿಯು ಮುಂಚಿತವಾಗಿ ಕೂಗಬೇಕು. ಇಲ್ಲಿ ಪೀಡಿತನು ಆ ಹೊತ್ತಿನಲ್ಲಿ ಕೂಗುತ್ತಾನೆ. ಎರಡು ಕಡೆಯೂ ಆ ಕೂಗನ್ನು ಕೇಳಿ ಸುಮ್ಮನಿದ್ದವನೇ ಅಪರಾಧಿ. ನಾಯಿಯ ಬಣ್ಣವೇನು, ಜಾತಿಯೇನು, ಎಲ್ಲಿಂದ ತಂದದ್ದು ಎಂದು ಎರಡು ಶಾಸನಗಳೂ ಕೇಳುವುದಿಲ್ಲ.

ಇಂಗ್ಲೆಂಡಿನಲ್ಲಿ ಒಂಬತ್ತನೆಯ ಶತಮಾನದ ಆಲ್ಫ್ರೆಡ್ ರಾಜನ ಕಟ್ಟಳೆಯು ಮೊದಲನೆಯ ಕಡಿತಕ್ಕೆ 6 ಷಿಲಿಂಗು, ಆಮೇಲೂ ಆ ನಾಯಿಗೆ ಅನ್ನ ಹಾಕುತ್ತಿದ್ದರೆ ಎರಡನೆಯದಕ್ಕೆ 12, ಮೂರನೆಯದಕ್ಕೆ 30 ಎಂದು ದಂಡವನ್ನು ಏರಿಸುತ್ತ ಹೋಯಿತು. ಅನ್ನ ಹಾಕಿದವನೇ ಹೊಣೆಯೆಂಬ ಈ ಮಾತು ಸೊಗಸಾದದ್ದು. ಅನಂತರ ಬೆಳೆದ ಸಾಮಾನ್ಯ ನ್ಯಾಯದಲ್ಲಿ, ನಾಯಿಯ ದುರ್ಗುಣವು ಒಡೆಯನಿಗೆ ಮೊದಲೇ ತಿಳಿದಿತ್ತೆಂದು ಗಾಯಗೊಂಡವನೇ ರುಜುವಾತು ಮಾಡಬೇಕಾಯಿತು. ಪ್ರತಿಯೊಂದು ನಾಯಿಗೂ ಒಂದು ಕಡಿತವು ಮಾಫಿಯೆಂಬ ಗಾದೆಯು ಇದರಿಂದ ಹುಟ್ಟಿತು. 1865ರ ಶಾಸನವು ದನಗಳನ್ನೂ ಕುರಿಗಳನ್ನೂ ಕಚ್ಚಿದಾಗ ಈ ರುಜುವಾತು ಬೇಡವೆಂದಿತು. ಮನುಷ್ಯನ ಮಟ್ಟಿಗೆ ಅದು ಹಾಗೆಯೇ ಉಳಿಯಿತು. ಕುರಿಗೆ ದೊರೆತ ರಕ್ಷಣೆಯು ಕೂಸಿಗೆ ದೊರೆಯಲಿಲ್ಲ! 1871ರ ನಾಯಿಗಳ ಶಾಸನವು ಈ ಕೊರತೆಯನ್ನು ಒಂದು ಬಗೆಯಲ್ಲಿ ನೀಗಿಸಿತು. ನಾಯಿಯು ಅಪಾಯಕರವಾಗಿದೆ, ಅಂಕೆಯಲ್ಲಿಲ್ಲ ಎಂದು ದೂರು ಬಂದರೆ ಸ್ಥಳೀಯ ನ್ಯಾಯಾಧಿಪತಿಯು ವಿಚಾರಿಸಿ, ಅದನ್ನು ಅಂಕೆಯಲ್ಲಿಡುವಂತೆ ಒಡೆಯನಿಗೆ ಅಪ್ಪಣೆ ಕೊಡಬಹುದು, ಇಲ್ಲವೆ ನಾಯಿಯನ್ನು ಕೊಲ್ಲಿಸಬಹುದು. ಅಪ್ಪಣೆಯನ್ನು ಮೀರಿದರೆ ದಿನಕ್ಕೆ 20 ಷಿಲಿಂಗಿನವರೆಗೆ ದಂಡ. ಎಶ್ನುನ್ನದ ಕೇರಿಯ ಎಚ್ಚರಿಕೆಯು ಮೂರೂವರೆ ಸಾವಿರ ವರ್ಷಗಳ ಮೇಲೆ ಹೀಗೆ ಹೊಸ ಉಡುಪಿನಲ್ಲಿ ಕಾಣಿಸಿಕೊಂಡಿತು.

ನಮ್ಮ ದೇಶದಲ್ಲಿ ಆಂಗ್ಲರ ಆಡಳಿತವು ಮೊದಲು ಹಿಡಿದದ್ದು ಇದಕ್ಕಿಂತ ಒರಟಾದ ಮಾರ್ಗವನ್ನು. ಮುಂಬಯಿಯಲ್ಲಿ ಬೇಸಗೆಯ ತಿಂಗಳುಗಳಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುವ ಪದ್ಧತಿಯಿದ್ದು, ನಾಯಿಯೊಂದಕ್ಕೆ ಎಂಟಾಣೆಯ ಇನಾಮು ಗೊತ್ತಾಗಿತ್ತು. ಇನಾಮಿನ ಆಸೆಯಿಂದ ಹಿಡಿಯುವವರು ಸಾಕಿದ ನಾಯಿಗಳಿಗೂ ಕೈಹಾಕಿದರು. 1832ರ ಜೂನ್ ತಿಂಗಳಲ್ಲಿ, ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರಸಿಗಳು ಇದನ್ನು ಎದುರಿಸಿದರು. ಇತರ ಮತಗಳವರೂ ಸೇರಿದರು. ಅಂಗಡಿಗಳು ಮುಚ್ಚಿದವು, ಗಲಭೆಯಾಯಿತು, ಸೈನ್ಯವು ಬಂದಿತು. ಇಲ್ಲಿ ಅಪಾಯಕರವಾದ ನಾಯಿ ಯಾವುದೆಂಬ ವಿಚಾರಣೆಯಿರಲಿಲ್ಲ, ಒಡೆಯನಿಗೆ ತಿಳಿಸುವ ಕ್ರಮವೂ ಇರಲಿಲ್ಲ. ಲೆಕ್ಕಕ್ಕೆ ಬಂದದ್ದು ಸತ್ತ ನಾಯಿಗಳ ಸಂಖ್ಯೆಯೊಂದೇ. ಕೇರಿಯನ್ನು ಕೇಳದೆ ಮಾಡಿದ ನಿಯಮವನ್ನು ಕೇರಿಯೇ ಎದುರಿಸಿತು.

1860ರ ದಂಡಸಂಹಿತೆಯಲ್ಲಿ ಒಡೆಯನ ಹೊಣೆಯು ಸ್ಪಷ್ಟವಾಯಿತು. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಪ್ರಾಣಕ್ಕೆ ಅಪಾಯವೋ ತೀವ್ರವಾದ ಗಾಯವೋ ಸಂಭವಿಸದಂತೆ ತಕ್ಕ ಏರ್ಪಾಡನ್ನು ತಿಳಿದೂ ಅಥವಾ ಅಲಕ್ಷ್ಯದಿಂದ ಮಾಡದವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಅದರ 289ನೆಯ ಕಲಮು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 291ನೆಯ ಕಲಮಿನಲ್ಲಿ ಅದೇ ವಿಧಿಯು ಉಳಿದು, ದಂಡವು 5000 ರೂಪಾಯಿಗೆ ಏರಿದೆ. ಇಲ್ಲಿ ಕಚ್ಚುವವರೆಗೆ ಕಾಯಬೇಕಾಗಿಲ್ಲ, ಅಲಕ್ಷ್ಯವೇ ಅಪರಾಧ.

ಈಚಿನ ಕಾಲದಲ್ಲಿ ಮತ್ತೊಂದು ಮಾರ್ಗವು ಹುಟ್ಟಿದೆ. ಅದು ನಾಯಿಯ ತಳಿಯನ್ನೇ ಅಪಾಯಕರವೆಂದು ಸಾರುವುದು. ಬ್ರಿಟನ್ನಿನ 1991ರ ಶಾಸನವು ಪಿಟ್ ಬುಲ್ ಟೆರಿಯರ್ ಮೊದಲಾದ ನಾಲ್ಕು ಬಗೆಗಳನ್ನು ನಿಷೇಧಿಸಿತು. 2023ರ ಕೊನೆಯಲ್ಲಿ ಐದನೆಯದೊಂದು ಸೇರಿತು. ನಮ್ಮಲ್ಲಿಯೂ 2024ರ ಮಾರ್ಚಿಯಲ್ಲಿ ಕೇಂದ್ರಸರ್ಕಾರವು 23 ತಳಿಗಳ ನಾಯಿಗಳನ್ನು ಸಾಕಲು ಪರವಾನಗಿ ಕೊಡಕೂಡದೆಂದು ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಸಂಬಂಧಪಟ್ಟವರನ್ನು ವಿಚಾರಿಸದೆ ಅದನ್ನು ಹೊರಡಿಸಿರುವುದೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು ಏಪ್ರಿಲಿನಲ್ಲಿ ಅದನ್ನು ರದ್ದುಗೊಳಿಸಿತು. ಮಹಾಬಲಶಾಲಿಯಾದ ನಾಯಿಯ ಕಡಿತವು ಹೆಚ್ಚು ಘೋರವೆಂಬುದು ನಿಜ. ಆದರೆ ತಳಿಯ ಪಟ್ಟಿಯು ಒಡೆಯನ ನಡತೆಯನ್ನು ಅಳೆಯುವುದಿಲ್ಲ. ಪಟ್ಟಿಯಲ್ಲಿಲ್ಲದ ನಾಯಿಯ ಒಡೆಯನು ತಾನು ನಿರ್ದೋಷಿಯೆಂದು ಮಲಗಿಬಿಡಬಹುದು.

ಇಷ್ಟನ್ನು ಬರೆಯಲು ಕಾರಣವಾದ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ನಮ್ಮ ಬೀದಿಯಲ್ಲಿ ಹಾಲು ಹಾಕುವ ಹುಡುಗನನ್ನು ಹೋದ ವರ್ಷ ಒಂದು ಸಾಕುನಾಯಿಯು ಕಚ್ಚಿತು. ಅದು ಯಾವ ಪಟ್ಟಿಯಲ್ಲಿಯೂ ಇಲ್ಲದ ಸಾಧಾರಣ ನಾಯಿ. ಹುಚ್ಚುನಾಯಿ ರೋಗದ ಲಕ್ಷಣವು ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಮೆಯಾದ್ದರಿಂದ, ಅವನ ತಾಯಿಯು ಕೂಲಿಯನ್ನು ಬಿಟ್ಟು ಮಗನನ್ನು ಚುಚ್ಚುಮದ್ದಿಗಾಗಿ ಆಸ್ಪತ್ರೆಗೆ ಮತ್ತೆ ಮತ್ತೆ ಕರೆದುಕೊಂಡು ಹೋದಳು. ಹುಡುಗನು ಉಳಿದನು. ಆಮೇಲೆ ವಿಚಾರಿಸಿದರೆ, ಆ ನಾಯಿಯು ಬಾಗಿಲು ದಾಟಿ ಜನರ ಮೇಲೆ ಹಾಯುವುದನ್ನು ಬೀದಿಯಲ್ಲಿ ಎಲ್ಲರೂ ತಿಂಗಳುಗಟ್ಟಲೆ ಬಲ್ಲವರಾಗಿದ್ದರು. ಈ ಲೇಖಕನೂ ಬಲ್ಲವನೇ. ಎದುರುಬದಿಯಲ್ಲಿ ನಡೆಯುವುದನ್ನು ಕಲಿತಿದ್ದನು. ನೆರೆಯ ಯಜಮಾನರ ಮನಸ್ಸನ್ನು ನೋಯಿಸುವುದೇಕೆಂದು ಒಬ್ಬರೂ ಅವರಿಗೆ ಹೇಳಿರಲಿಲ್ಲ. ಪುರಸಭೆಗೆ ಬರೆದವರೂ ಇಲ್ಲ.

ಸಾಕುನಾಯಿಗೆ ಲಸಿಕೆ ಹಾಕಿಸುವ ಹೊಣೆಯನ್ನು 2023ರ ಕೇಂದ್ರನಿಯಮಗಳು ಒಡೆಯನಿಗೂ, ಬೀದಿನಾಯಿಗಳ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗೂ ಹಂಚಿವೆ. ಆದರೆ ಕೇರಿಗೆ ಹಂಚಿದ ಪಾಲು ಅದಕ್ಕಿಂತ ಬಹಳ ಹಳೆಯದು. ಎಶ್ನುನ್ನದ ನ್ಯಾಯಾಸನದ ಮುಂದೆ ನಮ್ಮ ಬೀದಿಯ ವ್ಯವಹಾರವು ಬಂದಿದ್ದರೆ, ‘ಒಡೆಯನಿಗೆ ತಿಳಿಸಿದಿರಾ?’ ಎಂಬ ಮೊದಲನೆಯ ಪ್ರಶ್ನೆಯು ನಮಗೇ ಬರುತ್ತಿತ್ತು, ನಾವು ತಲೆತಗ್ಗಿಸಬೇಕಾಗುತ್ತಿತ್ತು. ಆತಕೂರಿನ ಗೊರವನಂತೆ ನಾವೂ ಮಾಡಬೇಕಾದುದನ್ನು ಮಾಡದೆ ಉಂಡವರು. ನಾಯಿಯ ಪಾಪದಲ್ಲಿ ಒಂದು ಪಾಲು ನಮಗೂ ತಟ್ಟಿದೆ.