ಬ್ಲೂಸ್ಟಾಕಿಂಗ್

ಬ್ಲೂಸ್ಟಾಕಿಂಗ್ ಎಂಬುದು ಇಂಗ್ಲಿಷ್ ಭಾಷೆಯ ಒಂದು ಹಳೆಯ ಸಮಾಸಪದ. 'ನೀಲಿ ಕಾಲುಚೀಲ' ಎಂಬುದು ಇದರ ವಾಚ್ಯಾರ್ಥ. ರೂಢಿಯಲ್ಲಿ ಇದು ಸಾಹಿತ್ಯ ಮತ್ತು ವಿದ್ವತ್ತಿನಲ್ಲಿ ಆಸಕ್ತಿಯುಳ್ಳ ಮಹಿಳೆಯನ್ನು ಸೂಚಿಸುತ್ತದೆ. ಹದಿನೇಳನೆಯ ಶತಮಾನದಿಂದ ಇಂದಿನವರೆಗೆ ಈ ಪದವು ರಾಜಕೀಯ ಮೂದಲಿಕೆಯಾಗಿ, ಗೆಳೆಯರ ಬಳಗದ ಹೆಸರಾಗಿ, ವಿದ್ಯಾವಂತ ಸ್ತ್ರೀಯರ ಮೇಲಿನ ನಿಂದೆಯಾಗಿ, ಕೊನೆಗೆ ಅಭಿಮಾನದ ಬಿರುದಾಗಿ ಬಳಕೆಗೊಂಡಿದೆ.

ಪದರಚನೆ ಮತ್ತು ಮೊದಲ ಅರ್ಥ

'ಬ್ಲೂ' (ನೀಲಿ) ಮತ್ತು 'ಸ್ಟಾಕಿಂಗ್' (ಉದ್ದನೆಯ ಕಾಲುಚೀಲ) ಎಂಬ ಎರಡು ಪದಗಳು ಸೇರಿ ಈ ಸಮಾಸವಾಗಿದೆ. ಉಡುಪಿನ ಹೆಸರು ಅದನ್ನು ತೊಟ್ಟವರಿಗೇ ಅನ್ವಯಿಸುವುದರಿಂದ ಇದನ್ನು ಕನ್ನಡ ವ್ಯಾಕರಣದ ಬಹುವ್ರೀಹಿ ಸಮಾಸಕ್ಕೆ ಹೋಲಿಸಬಹುದು. ಆ ಕಾಲದ ಇಂಗ್ಲೆಂಡಿನಲ್ಲಿ ಗಂಡಸರು ಮೊಣಕಾಲಿನವರೆಗಿನ ಷರಾಯಿಯ ಕೆಳಗೆ ಉದ್ದ ಕಾಲುಚೀಲ ಧರಿಸುತ್ತಿದ್ದರು. ಸಮಾರಂಭಗಳಿಗೆ ರೇಷ್ಮೆಯ ಕಾಲುಚೀಲ ವಾಡಿಕೆಯಾಗಿತ್ತು; ಉಣ್ಣೆಯ ನೀಲಿ ಕಾಲುಚೀಲ ದಿನಬಳಕೆಯ ಸರಳ ಉಡುಪಾಗಿತ್ತು.

ಆಲಿವರ್ ಕ್ರಾಮ್‌ವೆಲ್ ಕಾಲದಲ್ಲಿ, 1653ರಲ್ಲಿ, ನಾಮಕರಣಗೊಂಡ ಸದಸ್ಯರಿಂದ ಕೂಡಿದ ಪಾರ್ಲಿಮೆಂಟನ್ನು ಅದರ ವಿರೋಧಿಗಳು ಈ ಹೆಸರಿನಿಂದ ಹೀಯಾಳಿಸಿದರು. ಅದರ ಪ್ಯೂರಿಟನ್ ಸದಸ್ಯರ ಆಡಂಬರವಿಲ್ಲದ ವೇಷವೇ ಈ ಹಾಸ್ಯಕ್ಕೆ ಗುರಿಯಾಗಿತ್ತು. ಈ ಅರ್ಥದಲ್ಲಿ ಸ್ತ್ರೀಯರ ಅಥವಾ ಸಾಹಿತ್ಯದ ಸೂಚನೆ ಇರಲಿಲ್ಲ.

ಸಾಹಿತ್ಯಗೋಷ್ಠಿಗಳು

ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಲಂಡನ್ನಿನ ಎಲಿಜಬೆತ್ ಮಾಂಟಗು (1718–1800), ಎಲಿಜಬೆತ್ ವೆಸಿ ಮೊದಲಾದವರು ತಮ್ಮ ಮನೆಗಳಲ್ಲಿ ಗೋಷ್ಠಿಗಳನ್ನು ಏರ್ಪಡಿಸತೊಡಗಿದರು. ಇಸ್ಪೀಟಾಟಕ್ಕೆ ಬದಲಾಗಿ ಸಾಹಿತ್ಯಿಕ ಸಂಭಾಷಣೆಗೆ ಇಲ್ಲಿ ಪ್ರಾಶಸ್ತ್ಯವಿತ್ತು. ಸ್ಯಾಮ್ಯುಯೆಲ್ ಜಾನ್ಸನ್, ಎಡ್ಮಂಡ್ ಬರ್ಕ್, ಚಿತ್ರಕಾರ ಜೋಶುವಾ ರೆನಾಲ್ಡ್ಸ್ ಮೊದಲಾದ ಪುರುಷರೂ ಇವುಗಳಲ್ಲಿ ಭಾಗವಹಿಸುತ್ತಿದ್ದರು.

ಸಸ್ಯಶಾಸ್ತ್ರಜ್ಞ ಬೆಂಜಮಿನ್ ಸ್ಟಿಲಿಂಗ್‌ಫ್ಲೀಟ್ (1702–1771) ಈ ಗೋಷ್ಠಿಗಳಿಗೆ ನೀಲಿ ಉಣ್ಣೆಯ ಕಾಲುಚೀಲದಲ್ಲಿಯೇ ಬರುತ್ತಿದ್ದರೆಂದೂ, ಅದರಿಂದಲೇ ಬಳಗಕ್ಕೆ ಈ ಹೆಸರು ಬಂದಿತೆಂದೂ ಜೇಮ್ಸ್ ಬಾಸ್ವೆಲ್ 1791ರಲ್ಲಿ ಪ್ರಕಟವಾದ ಜಾನ್ಸನ್ ಜೀವನಚರಿತ್ರೆಯಲ್ಲಿ ತಿಳಿಸಿದ್ದಾರೆ. 1757ರ ಮಾಂಟಗು ಅವರ ಪತ್ರವೊಂದರಲ್ಲಿಯೂ ಸ್ಟಿಲಿಂಗ್‌ಫ್ಲೀಟರ ನೀಲಿ ಕಾಲುಚೀಲದ ಪ್ರಸ್ತಾಪವಿದೆ. ಹೀಗೆ, ಮುಂದೆ ಸ್ತ್ರೀಯರಿಗೆ ಮೀಸಲಾದ ಈ ಪದವು ಪುರುಷನೊಬ್ಬನ ಉಡುಪಿನಿಂದ ಹುಟ್ಟಿದೆ.

ಈ ಬಳಗದ ಎಲಿಜಬೆತ್ ಕಾರ್ಟರ್ 1758ರಲ್ಲಿ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಟೀಟಸ್‌ನ ಕೃತಿಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಮಾಂಟಗು 1769ರಲ್ಲಿ ಶೇಕ್ಸ್‌ಪಿಯರ್ ಕುರಿತು ವಿಮರ್ಶಾಗ್ರಂಥವನ್ನು ಹೊರತಂದರು. ಹನ್ನಾ ಮೋರ್ ಈ ಗೋಷ್ಠಿಗಳನ್ನು ಕುರಿತು 'ಬಾ ಬ್ಲೂ' ಎಂಬ ಕವನವನ್ನು ರಚಿಸಿದರು. ಅದು 1786ರಲ್ಲಿ ಪ್ರಕಟವಾಯಿತು.

ನಿಂದಾರ್ಥ

ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಪದವು ಸ್ತ್ರೀಯರಿಗಷ್ಟೇ ಸೀಮಿತವಾಗಿ, ಪಾಂಡಿತ್ಯವನ್ನು ಮೆರೆಸುವ, ಮನೆವಾರ್ತೆಯನ್ನು ಕಡೆಗಣಿಸುವ ಹೆಂಗಸು ಎಂಬ ಕೀಳರ್ಥವನ್ನು ಪಡೆಯಿತು. ಕವಿ ಬೈರನ್ 'ದಿ ಬ್ಲೂಸ್' ಎಂಬ ವಿಡಂಬನೆಯನ್ನು ಬರೆದರು. ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ ಇಂತಹ ಸ್ತ್ರೀಯರ ಬಗ್ಗೆ ತಮಗಿರುವ ತಿರಸ್ಕಾರವನ್ನು ಬಹಿರಂಗವಾಗಿಯೇ ವ್ಯಕ್ತಪಡಿಸಿದರು. ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಪ್ರಶ್ನೆ ಎದ್ದಾಗ ಅದನ್ನು ವಿರೋಧಿಸುವವರಿಗೆ ಈ ಪದವು ಸುಲಭವಾದ ಅಸ್ತ್ರವಾಯಿತು. ಲಂಡನ್ ವಿಶ್ವವಿದ್ಯಾಲಯವು 1878ರಲ್ಲಿ ಸ್ತ್ರೀಯರಿಗೆ ಪದವಿಗಳನ್ನು ತೆರೆಯಿತು. ಆಕ್ಸ್‌ಫರ್ಡ್ 1920ರವರೆಗೂ ಕೇಂಬ್ರಿಡ್ಜ್ 1948ರವರೆಗೂ ಅವರಿಗೆ ಪೂರ್ಣ ಪದವಿಯನ್ನು ನೀಡಲಿಲ್ಲ.

ಇತರ ಭಾಷೆಗಳಲ್ಲಿ

ಈ ಪದವು ಪದಶಃ ಅನುವಾದಗೊಂಡು ಫ್ರೆಂಚಿನಲ್ಲಿ 'ಬಾ-ಬ್ಲೂ', ಜರ್ಮನ್ನಿನಲ್ಲಿ 'ಬ್ಲೌಷ್ಟ್ರುಂಪ್ಫ್', ರಷ್ಯನ್ನಿನಲ್ಲಿ 'ಸೀನಿಯ್ ಚುಲೋಕ್' ಎಂದಾಯಿತು. ಫ್ರೆಂಚಿನಲ್ಲಿ ಇದು ಸ್ತ್ರೀಯನ್ನು ಸೂಚಿಸಿದರೂ ವ್ಯಾಕರಣದ ದೃಷ್ಟಿಯಿಂದ ಪುಲ್ಲಿಂಗವಾಗಿದೆ. ಚಿತ್ರಕಾರ ಒನೊರೆ ದೋಮಿಯೆ 1844ರಲ್ಲಿ ಇದೇ ಹೆಸರಿನ ವ್ಯಂಗ್ಯಚಿತ್ರಮಾಲೆಯಲ್ಲಿ ಲೇಖಕಿಯರನ್ನು ಗೇಲಿ ಮಾಡಿದರು.

ಜಪಾನಿನಲ್ಲಿ ಪದದ ಗತಿ ಬೇರೆಯಾಯಿತು. ಹಿರಾತ್ಸುಕಾ ರೈಚೊ ಮತ್ತು ಅವರ ಸಂಗಡಿಗರು 1911ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಮಹಿಳಾ ಸಾಹಿತ್ಯಪತ್ರಿಕೆಗೆ 'ಸೆಯ್ತೊ' ಎಂಬ ಹೆಸರನ್ನು ಆರಿಸಿಕೊಂಡರು. ಇದು 'ಬ್ಲೂಸ್ಟಾಕಿಂಗ್' ಪದದ ಜಪಾನಿ ರೂಪ. ಇತರರು ಮೂದಲಿಸುವ ಮೊದಲೇ ಮೂದಲಿಕೆಯ ಹೆಸರನ್ನು ತಾವೇ ಧರಿಸುವುದು ಅವರ ಉದ್ದೇಶವಾಗಿತ್ತು. ಸರ್ಕಾರವು ಅದರ ಕೆಲವು ಸಂಚಿಕೆಗಳನ್ನು ನಿಷೇಧಿಸಿತು. ಪತ್ರಿಕೆ 1916ರಲ್ಲಿ ನಿಂತುಹೋಯಿತು.

ಇತರ ಅರ್ಥಗಳು ಮತ್ತು ಇಂದಿನ ಬಳಕೆ

ಅಮೆರಿಕದಲ್ಲಿ ಕಟ್ಟುನಿಟ್ಟಿನ ಪ್ರೆಸ್‌ಬಿಟೇರಿಯನ್ ಕ್ರೈಸ್ತರನ್ನು ಈ ಪದದಿಂದ ಕರೆದದ್ದುಂಟು. ಇಂದಿನ ಇಂಗ್ಲಿಷಿನಲ್ಲಿ ಪದದ ಬಳಕೆ ವಿರಳವಾಗಿದೆ. ಇತಿಹಾಸಕಾರರು ಇದನ್ನು ಮಾಂಟಗು ಬಳಗದ ಹೆಸರಾಗಿ, ನಿಂದೆಯ ಸೋಂಕಿಲ್ಲದೆ ಬಳಸುತ್ತಾರೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಮೊದಲ ತಲೆಮಾರಿನ ವಿದ್ಯಾರ್ಥಿನಿಯರನ್ನು ಕುರಿತು ಜೇನ್ ರಾಬಿನ್‌ಸನ್ 2009ರಲ್ಲಿ ಹೊರತಂದ ಗ್ರಂಥದ ಹೆಸರೂ 'ಬ್ಲೂಸ್ಟಾಕಿಂಗ್ಸ್' ಎಂದೇ ಇದೆ.