ಘ್ರಾಣನಷ್ಟ ಚಿಕಿತ್ಸೆ (ವೈರಾಣು ಸೋಂಕಿನ ನಂತರ)

ನೆಗಡಿ, ಫ್ಲೂ, ಕೋವಿಡ್ ಇಳಿದ ಮೇಲೂ ಹಿಂತಿರುಗದ ವಾಸನೆಯ ಅರಿವನ್ನು ಮರಳಿ ತರುವ ಚಿಕಿತ್ಸೆ. ಬೀಳಗಿ, ಮುಧೋಳ, ಜಮಖಂಡಿ ಸೀಮೆಯ ಮಾತಿನಲ್ಲಿ ಈ ತೊಂದರೆಗೆ ‘ವಾಸನಿ ಹತ್ತವಲ್ದು’ ಎನ್ನುತ್ತಾರೆ.

ನೆಗಡಿ ಹಳತಾಗಿ ಬಲಿತರೆ ವಾಸನೆ ಹೋಗುವುದುಂಟೆಂದು ಸುಶ್ರುತಸಂಹಿತೆಯ ಉತ್ತರತಂತ್ರ ಹೇಳುತ್ತದೆ. ಮೂಗಿಗೆ ಔಷಧದ ಎಣ್ಣೆ ಬಿಡುವ ನಸ್ಯ ಆಯುರ್ವೇದದ ಹಳೆಯ ಕ್ರಮ.

ಇಪ್ಪತ್ತನೇ ಶತಮಾನದ ಕಥೆಯಲ್ಲಿ ಸತುವಿನದು ನೋವಿನ ಅಧ್ಯಾಯ. ಪೋಲಿಯೊ ಮೂಗಿನ ಮೂಲಕ ಬರುತ್ತದೆಂದು ನಂಬಿ 1937ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸುಮಾರು 5,000 ಮಕ್ಕಳ ಮೂಗಿಗೆ ಸತುವಿನ ಸಲ್ಫೇಟ್ ಸಿಂಪಡಿಸಿದರು. ಪೋಲಿಯೊ ನಿಲ್ಲಲಿಲ್ಲ; ಕೆಲವು ಮಕ್ಕಳ ವಾಸನೆಯೇ ಹೋಯಿತು. ಮುಂದೆ ಅದೇ ಸತುವನ್ನು ಘ್ರಾಣನಷ್ಟಕ್ಕೆ ಮದ್ದಾಗಿ ನುಂಗಿಸಿದರು. ಆ ಮದ್ದಿನ ಪರವಾಗಿದ್ದ ವೈದ್ಯ ಹೆಂಕಿನ್ ಅವರೇ 1976ರಲ್ಲಿ ಪರೀಕ್ಷಿಸಿದಾಗ ಹುಸಿಗುಳಿಗೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ತಮ್ಮ ನಂಬಿಕೆಯನ್ನು ತಾವೇ ಒರೆಗೆ ಹಚ್ಚಿದ ಆ ಪ್ರಾಮಾಣಿಕತೆ ದೊಡ್ಡದು.

ದಾರಿ ತೆರೆದದ್ದು 2009ರಲ್ಲಿ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 40 ರೋಗಿಗಳಿಗೆ 12 ವಾರ ಗುಲಾಬಿ, ನೀಲಗಿರಿ, ನಿಂಬೆ, ಲವಂಗದ ವಾಸನೆಗಳನ್ನು ದಿನಕ್ಕೆರಡು ಬಾರಿ ಮೂಸಿಸಿದರು. ಮೂಸದೆ ಉಳಿದವರಿಗಿಂತ ಇವರ ಮೂಗು ಹೆಚ್ಚು ಚೇತರಿಸಿತು. ಘ್ರಾಣದ ನರಕೋಶಗಳು ಜೀವನವಿಡೀ ಹೊಸದಾಗಿ ಹುಟ್ಟುತ್ತವೆ. ಅಭ್ಯಾಸ ಅವಕ್ಕೆ ದಾರಿ ತೋರಿಸುತ್ತದೆಂದು ತಿಳಿಯಲಾಗಿದೆ.

ಬಾಗಲಕೋಟೆ ಜಿಲ್ಲೆಗೆ ಕೋವಿಡ್ ಬಂದದ್ದು 2020ರ ಏಪ್ರಿಲ್‌ನಲ್ಲಿ. ವಾಸನೆ ಹೋಗುವುದನ್ನು ಕೇಂದ್ರ ಆರೋಗ್ಯ ಇಲಾಖೆ ರೋಗಲಕ್ಷಣಗಳ ಪಟ್ಟಿಗೆ ಸೇರಿಸಿದ್ದು ಜೂನ್ 13ರಂದು. ಈ ವೈರಾಣು ಮುಖ್ಯವಾಗಿ ನರಕೋಶಗಳನ್ನಲ್ಲ, ಅವುಗಳಿಗೆ ಆಸರೆಯಾದ ಕೋಶಗಳನ್ನು ಹಿಡಿಯುತ್ತದೆಂಬುದೂ ಅದೇ ವರ್ಷ ತಿಳಿಯಿತು. ಬಹಳ ಜನರಿಗೆ ಕೆಲವೇ ವಾರಗಳಲ್ಲಿ ವಾಸನೆ ಮರಳಿದ್ದು ಇದರಿಂದಲೇ ಇರಬೇಕೆಂದು ತಿಳಿಯಲಾಗಿದೆ. ಕೆಲವರಿಗೆ ಮರಳಿತು, ಆದರೆ ತಿರುಚಿಕೊಂಡು: ಉಳ್ಳಾಗಡ್ಡಿ ಒಗ್ಗರಣೆ, ಕಾಫಿ ಸುಟ್ಟ ರಬ್ಬರಿನಂತೆ ನಾರತೊಡಗಿದವು. ಬಾಯಿಗೆ ಹೋದ ತುತ್ತು ಗಂಟಲಿಗಿಳಿಯದ ಈ ಸಂಕಟವನ್ನು ಮನೆಯವರು ಹಟವೆಂದು ತಿಳಿಯಬಾರದು.

ಅಭ್ಯಾಸಕ್ಕೆ ಬೇಕಾದದ್ದು ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಜಜ್ಜಿದ ನಾಲ್ಕು ಲವಂಗ ಒಂದು ಸಣ್ಣ ಶೀಶೆಯಲ್ಲಿ, ನಿಂಬೆ ಸಿಪ್ಪೆ ಇನ್ನೊಂದರಲ್ಲಿ. ನೀಲಗಿರಿ ಎಣ್ಣೆ, ಪನ್ನೀರು ಅರಿವೆಯ ಚೂರಿಗೆ. ಒಂದೊಂದನ್ನೂ ಹತ್ತಿಪ್ಪತ್ತು ಸೆಕೆಂಡು, ಅದರ ವಾಸನೆಯನ್ನು ನೆನಪಿಸಿಕೊಳ್ಳುತ್ತ, ಮೆಲ್ಲಗೆ ಎಳೆದುಕೊಳ್ಳಬೇಕು. ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಸ್ಟಿರಾಯ್ಡ್ ವೈದ್ಯರ ಸಲಹೆಯಿಂದ ಮಾತ್ರ. ರೋಗಿಯದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ದ್ರವವನ್ನು ಮೂಗಿನೊಳಗೆ ಚುಚ್ಚುವ ವಿಧಾನ ಇನ್ನೂ ಪರೀಕ್ಷೆಯ ಹಂತದಲ್ಲಿದೆ.

ಅಡುಗೆ ಅನಿಲಕ್ಕೆ ಬೆರೆಸುವ ಮರ್ಕ್ಯಾಪ್ಟನ್‌ನ ನಾತವೇ ಸೋರಿಕೆಯ ಸುಳಿವು. ಅದು ಮೂಗಿಗೆ ಹತ್ತದಿರುವಷ್ಟು ದಿನ, ಒಲೆ ಹಚ್ಚುವ ಮೊದಲು ಮನೆಯ ಇನ್ನೊಬ್ಬರನ್ನು ಅಡುಗೆಮನೆಗೆ ಕರೆಯಬೇಕು.